ಥಿಂಕ್‌ಪ್ಯಾಡ್ ಟಿ440ಪಿಗೆ ಮೂರು ಸ್ಕ್ರೀನ್ ಹಾಕಿ ನೋಡಿದೆ

ನನ್ನ ಕೆಲಸ ಕರಡು ತಿದ್ದುವುದು. ದಿನಕ್ಕೆ ಆರೇಳು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ಕನ್ನಡ ಅಕ್ಷರಗಳನ್ನೇ ನೋಡುತ್ತಿರುತ್ತೇನೆ. ಹೋದ ಮಳೆಗಾಲದಲ್ಲಿ ಕಪಾಟಿನ ಮೇಲಿಂದ ದಪ್ಪ ನಿಘಂಟೊಂದು ಜಾರಿ, ತೆರೆದಿದ್ದ ಲ್ಯಾಪ್‌ಟಾಪ್ ಮೇಲೆ ಬಿತ್ತು. ಸ್ಕ್ರೀನ್ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತು. ಒಳಗಿನ ಯಂತ್ರಕ್ಕೆ ಏನೂ ಆಗಿರಲಿಲ್ಲ. ಹಾಗಾಗಿ ಸ್ಕ್ರೀನ್ ಮಾತ್ರ ಬದಲಿಸೋಣ ಅಂದುಕೊಂಡೆ.

ಮೊದಲೇ ಹೇಳಿಬಿಡುತ್ತೇನೆ. ನನಗೆ ಹಿಡಿಸಿದ್ದು 1920×1080ರ (ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ) ಐಪಿಎಸ್ ಪ್ಯಾನೆಲ್, ಅಂದರೆ ಯಾವ ಕಡೆಯಿಂದ ನೋಡಿದರೂ ಬಣ್ಣ ಬದಲಾಗದ ಬಗೆಯ ಸ್ಕ್ರೀನ್. ಟಿ440ಎಸ್ ಅನ್ನುವ ಬೇರೆ ಮಾಡೆಲ್‌ನಿಂದ ಬಿಚ್ಚಿದ್ದು ಅದು. ಈ ಸಾಲುಗಳನ್ನು ಅದರಲ್ಲೇ ಬರೆಯುತ್ತಿದ್ದೇನೆ. ಆದರೆ ಅದು ಕೈಗೆ ಬರುವ ಮೊದಲು ಇನ್ನೆರಡು ಸ್ಕ್ರೀನ್ ಹಾಕಿ ನೋಡಿದೆ. ನಡುವೆ ಕೂರದೇ ಇರುವ ಒಂದು ಸ್ಕ್ರೀನ್ ತರಿಸಿ ದುಡ್ಡು, ದಿನ ಎರಡನ್ನೂ ಕಳೆದುಕೊಂಡೆ. ಅದೇ ಪರಿಸ್ಥಿತಿಯಲ್ಲಿ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನನ್ನದು 2013ರ ಮಾಡೆಲ್, ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ440ಪಿ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಈ ಮಾಡೆಲ್ ಬಂದಾಗ ಮೂರು ಬಗೆಯ ಸ್ಕ್ರೀನ್‌ನಲ್ಲಿ ಮಾರುತ್ತಿದ್ದರು: 1366×768, 1600×900, 1920×1080. ಎಲ್ಲವೂ 14 ಇಂಚು, ಎಲ್ಲಕ್ಕೂ 30 ಪಿನ್ನಿನ ಇಡಿಪಿ ಕನೆಕ್ಟರ್ (ಸ್ಕ್ರೀನಿಗೆ ಚಿತ್ರ ತರುವ ಕೇಬಲ್ ಸಿಕ್ಕಿಸುವ ಜಾಗ). ಅಂದರೆ ಒಳಗಿನ ಕೇಬಲ್ ಬದಲಿಸದೆ ಮೂರರಲ್ಲಿ ಯಾವುದನ್ನು ಬೇಕಾದರೂ ಹಾಕಬಹುದು. ಈ ವಿಷಯ ನನಗೆ ಗೊತ್ತಾಗಿದ್ದು ಆಮೇಲೆ.

ಮೊದಲು ಹಾಕಿಸಿದ್ದು 1366×768. ಒಡೆದಿದ್ದೂ ಅದೇ ಬಗೆಯದು, ಟಿಎನ್ ಪ್ಯಾನೆಲ್, ಅಂದರೆ ಓರೆಯಿಂದ ನೋಡಿದರೆ ಬಣ್ಣ ಬದಲಾಗುವಂಥದ್ದು. ತುಮಕೂರಿನಲ್ಲೇ ಸಿಕ್ಕಿತು, ಕೂಲಿ ಸೇರಿ 2,600 ರೂಪಾಯಿ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಪಾವತಿ, ಲೆಕ್ಕ, ಇಮೇಲ್, ಹಾಡು ಕೇಳುವುದು ಇಷ್ಟೇ ಇದ್ದರೆ ಇದು ಸಾಕು. ನಿಜವಾಗಿಯೂ ಸಾಕು.

ನನಗೆ ಮಾತ್ರ ಸಾಕಾಗಲಿಲ್ಲ. ಕಾರಣ ಕನ್ನಡ ಲಿಪಿ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮದು ಕೆಳಗೂ ಇಳಿಯುತ್ತದೆ, ಪಕ್ಕಕ್ಕೂ ಹೋಗುತ್ತದೆ. ‘ದ’ ಮತ್ತು ‘ಧ’ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಗೀಟು. ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’, ‘ಪ’ ಮತ್ತು ‘ಫ’, ಎಲ್ಲವೂ ಹಾಗೇ. 14 ಇಂಚಿನ ಮೇಲೆ 1366×768 ಅಂದರೆ ಒಂದು ಇಂಚಿಗೆ ಸುಮಾರು 112 ಚುಕ್ಕೆ. 12 ಪಾಯಿಂಟ್ ಅಕ್ಷರದಲ್ಲಿ ಆ ಗೀಟಿಗೆ ಸಿಗುವುದು ಒಂದೋ ಎರಡೋ ಚುಕ್ಕೆ. ಅದು ಅಕ್ಷರದ ಹೊಟ್ಟೆಗೇ ಅಂಟಿಕೊಂಡು ಬಿಡುತ್ತದೆ. ‘ಸ್ತ್ರೀ’, ‘ಲಕ್ಷ್ಮಿ’ ತರದ ಪದಗಳಲ್ಲಿ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬಂದಾಗ ಬರೀ ಕಪ್ಪು ಗಂಟು ಕಾಣುತ್ತದೆ.

ಒಂದು ಪುಸ್ತಕದ ಎರಡನೇ ಕರಡಿನಲ್ಲಿ ‘ವಿಧಿ’ ಅಂತ ಇರಬೇಕಾದ ಕಡೆ ‘ವಿದಿ’ ಅಂತ ಇತ್ತು. ಸ್ಕ್ರೀನ್ ಮೇಲೆ ಎರಡು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಪ್ರಿಂಟ್ ತೆಗೆದಾಗ ಕಾಣಿಸಿತು. ಅವತ್ತು ಬಹಳ ಬೇಜಾರಾಯಿತು. ಪುಟವನ್ನು ದೊಡ್ಡದು ಮಾಡಿ ಓದಬಹುದು ಅಲ್ವಾ ಅಂತ ಕೇಳಬಹುದು. ಮಾಡಬಹುದು. ಆಗ ಸಾಲಿನ ಅರ್ಧ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಪುಟವನ್ನು ಎಳೆದಾಡುತ್ತಾ ಇನ್ನೂರು ಪುಟ ಓದಲು ಆಗುವುದಿಲ್ಲ.

ಎರಡನೆಯದು 1600×900. ಗೆಳೆಯನ ಟಿ440ಪಿ ಮದರ್‌ಬೋರ್ಡ್ ಹೋಗಿ ಮೂಲೆ ಸೇರಿತ್ತು. ಅದರ ಸ್ಕ್ರೀನ್ ಬಿಚ್ಚಿ ನನ್ನದಕ್ಕೆ ಹಾಕಿದೆ. 1,500 ರೂಪಾಯಿ ಕೊಟ್ಟೆ. ಇಂಚಿಗೆ 131 ಚುಕ್ಕೆ, ಅಕ್ಷರ ಒಂದು ಹಂತ ಚೊಕ್ಕವಾಯಿತು. ಗೀಟುಗಳು ಕಾಣತೊಡಗಿದವು. ಕೊಟ್ಟ ದುಡ್ಡಿಗೆ ಇದು ಒಳ್ಳೆಯದೇ. ಆದರೆ ಇದೂ ಟಿಎನ್. ನೇರವಾಗಿ ಕೂತು ನೋಡಿದರೆ ಚೆನ್ನ. ನಾನು ನೆಲದ ಮೇಲೆ ಕೂತು, ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ಕೆಲಸ ಮಾಡುವವನು. ಕೂತ ಭಂಗಿ ಸ್ವಲ್ಪ ಬದಲಾದರೆ ಸ್ಕ್ರೀನಿನ ಮೇಲ್ಭಾಗ ಮಂಕು, ಕೆಳಭಾಗ ಬೆಳ್ಳಗೆ. ಪಕ್ಕದಲ್ಲಿ ಲೇಖಕರು ಕೂತು ತಿದ್ದುಪಡಿ ಹೇಳುವಾಗ ಅವರಿಗೊಂದು ಬಣ್ಣ, ನನಗೊಂದು ಬಣ್ಣ. ಬೇರೆ ಬಣ್ಣದಲ್ಲಿ ಗುರುತು ಹಾಕಿದ ಪದ ಅವರಿಗೆ ಕಾಣುತ್ತಲೇ ಇರಲಿಲ್ಲ. ಎರಡು ತಿಂಗಳು ಹೀಗೇ ನಡೆಯಿತು.

ಒಂದು ಮಾತು ಇಲ್ಲಿ ಹೇಳಬೇಕು. ಟಿ430 ಅನ್ನುವ ಹಿಂದಿನ ಮಾಡೆಲ್‌ನಿಂದ ಬಿಚ್ಚಿದ 1600×900 ಸ್ಕ್ರೀನ್ ಕೂಡ ಮಾರ್ಕೆಟ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅಳತೆ ಒಂದೇ. ಆದರೆ ಟಿ430ರದ್ದು ಇಡಿಪಿ ಅಲ್ಲ, ಎಲ್‌ವಿಡಿಎಸ್ ಅನ್ನುವ ಹಳೆಯ ಬಗೆಯ ಕನೆಕ್ಟರ್, 40 ಪಿನ್. ಟಿ440ಪಿಗೆ ಆಗುವುದಿಲ್ಲ.

ಈಗ ಆ ಕೂರದ ಸ್ಕ್ರೀನಿನ ವಿಷಯಕ್ಕೆ ಬರುತ್ತೇನೆ. ಐಪಿಎಸ್ ತಗೊಳ್ಳಬೇಕು ಅಂತ ತೀರ್ಮಾನ ಮಾಡಿದ ಮೇಲೆ ಆನ್‌ಲೈನ್‌ನಲ್ಲಿ ಹುಡುಕಿದೆ. ‘14 ಇಂಚು, ಫುಲ್ ಎಚ್‌ಡಿ, ಐಪಿಎಸ್, ಸ್ಲಿಮ್’ ಅಂತ ಬರೆದಿತ್ತು. ಫುಲ್ ಎಚ್‌ಡಿ ಅಂದರೆ 1920×1080. ಬೆಲೆ 3,700. ಇಷ್ಟು ನೋಡಿ ಆರ್ಡರ್ ಮಾಡಿದೆ. ಐದನೇ ದಿನ ಬಂತು. ಪ್ಯಾಕಿಂಗ್ ಚೆನ್ನಾಗಿತ್ತು, ಒಂದು ಗೆರೆಯೂ ಇರಲಿಲ್ಲ. ಬ್ಯಾಟರಿ ತೆಗೆದೆ, ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಬಿಡಿಸಿದೆ, ಹಳೆಯದನ್ನು ಕೀಬೋರ್ಡ್ ಮೇಲೆ ಬಟ್ಟೆ ಹಾಸಿ ಮಲಗಿಸಿದೆ. ಹೊಸದರ ಹಿಂಭಾಗಕ್ಕೆ ಕೇಬಲ್ ಹಿಡಿದರೆ ಕನೆಕ್ಟರ್ ಅಗಲವಾಗಿದೆ. ಸುಮಾರು 5 ಮಿಲಿಮೀಟರ್ ಜಾಸ್ತಿ. ಎಣಿಸಿದೆ. 40 ಪಿನ್.

ಅದು ಟಚ್ ಸ್ಕ್ರೀನ್ ಇರುವ ಯಾವುದೋ ಹೊಸ ಲ್ಯಾಪ್‌ಟಾಪ್‌ನದು. ಗಾಜಿನಲ್ಲೇ ಟಚ್ ಸೇರಿಸಿರುವ ಇಂಥ ಪ್ಯಾನೆಲ್‌ಗಳಲ್ಲಿ ಚಿತ್ರದ ಜೊತೆಗೆ ಟಚ್‌ನ ತಂತಿಗಳೂ ಅದೇ ಕನೆಕ್ಟರ್‌ನಲ್ಲಿ ಬರುತ್ತವೆ. ಅದಕ್ಕೇ 40 ಪಿನ್. 2560×1440 ತರದ ಜಾಸ್ತಿ ಚುಕ್ಕೆಯ ಸ್ಕ್ರೀನ್‌ಗಳಲ್ಲೂ 40 ಇರುತ್ತದೆ. 30 ಪಿನ್ನಿನ ಪ್ಲಗ್ ಅದರ ಬಾಯೊಳಗೆ ಸಡಿಲವಾಗಿ ಹೋಗುತ್ತದೆ. ಒಂದು ಪಕ್ಕಕ್ಕೆ ಸರಿಸಿದರೆ ಹೊಂದಬಹುದೇನೋ ಅನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಿನ್‌ಗಳಲ್ಲಿ ಕೆಲವು ಪ್ಯಾನೆಲ್‌ನ ಸರ್ಕ್ಯೂಟ್‌ಗೆ 3.3 ವೋಲ್ಟ್ ಕೊಡುತ್ತವೆ. ಇನ್ನು ಕೆಲವು ಹಿಂಬದಿಯ ಲೈಟಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ವೋಲ್ಟೇಜ್ ತರುತ್ತವೆ. ಒಂದು ಪಿನ್ ಅತ್ತಿತ್ತ ಆದರೂ ಸ್ಕ್ರೀನ್ ಸುಡಬಹುದು, ಮದರ್‌ಬೋರ್ಡ್ ಮೇಲಿನ ಫ್ಯೂಸ್ ಹೋಗಬಹುದು. ಇದನ್ನು ನನಗೆ ಹೇಳಿದ್ದು ನಮ್ಮ ಬೀದಿಯ ರಿಪೇರಿ ಅಂಗಡಿಯ ಹುಡುಗ. ಫೋನ್‌ನಲ್ಲಿ ಕೇಳಿದಾಗ ಅವನ ಮೊದಲ ಮಾತು, ‘ಕರೆಂಟ್ ಕೊಟ್ಟಿಲ್ಲ ತಾನೆ ಸರ್?’

ತೊಂದರೆ ಅಲ್ಲಿಗೇ ಮುಗಿಯಲಿಲ್ಲ. ಹಳೆಯ ಪ್ಯಾನೆಲ್‌ಗಳಿಗೆ ಮೇಲೆ ಕೆಳಗೆ ಸ್ಕ್ರೂ ಹಾಕಲು ತಗಡಿನ ಕಿವಿಗಳಿರುತ್ತವೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಬಂದಿದ್ದ ಹೊಸ ಪ್ಯಾನೆಲ್‌ಗೆ ಕಿವಿಯೇ ಇರಲಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅಂಟು ಟೇಪಿನಿಂದ ಕೂರಿಸುತ್ತಾರೆ. ಪಿನ್ ಸರಿಯಿದ್ದರೂ ಟೇಪ್ ಹಚ್ಚಬೇಕಿತ್ತು. ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಮುಚ್ಚಳದಲ್ಲಿ, ನಮ್ಮ ಬೇಸಿಗೆಯಲ್ಲಿ, ಆ ಟೇಪ್ ಎಷ್ಟು ದಿನ ಹಿಡಿಯುತ್ತದೆ ಅನ್ನುವ ಭಯ ನನಗೆ ಇದ್ದೇ ಇರುತ್ತಿತ್ತು.

ವಾಪಸ್ ಕಳಿಸಿದೆ. ‘ನೀವೇ ತಪ್ಪು ಆರಿಸಿದ್ದು’ ಅಂತ ಮಾರಿದವರು 600 ರೂಪಾಯಿ ಹಿಡಿದುಕೊಂಡರು. ಉಳಿದದ್ದು ಬರಲು ಹನ್ನೊಂದು ದಿನ. ಎಷ್ಟು ಪಿನ್ ಅಂತ ಅವರು ಎಲ್ಲೂ ಬರೆದಿರಲಿಲ್ಲ. ಬರೆಯಬೇಕಿತ್ತು. ಸ್ಕ್ರೀನ್ ಮಾರುವವರು ಇಂಚಿಗಿಂತ ಮೊದಲು ಹೇಳಬೇಕಾದ ಸಂಗತಿ ಅದು.

ಮುಂದಿನ ಸಲ ಲ್ಯಾಪ್‌ಟಾಪನ್ನೇ ಚೀಲಕ್ಕೆ ಹಾಕಿಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್‌ನಿಂದ ಆಟೋ ಹಿಡಿದು ಎಸ್.ಪಿ. ರೋಡ್, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೀದಿ. ಹೊರಡುವ ಮೊದಲು ಪ್ಯಾನೆಲ್ ಹಿಂದಿನ ಚೀಟಿ ಓದುವುದನ್ನು ಕಲಿತಿದ್ದೆ. ತುಂಬಾ ಸುಲಭ. ಎಲ್‌ಜಿಯ ಪ್ಯಾನೆಲ್ ‘ಎಲ್‌ಪಿ140’ ಅಂತ ಶುರುವಾಗುತ್ತದೆ. 140 ಅಂದರೆ 14.0 ಇಂಚು. ಅದರ ಮುಂದೆ ‘ಡಬ್ಲ್ಯೂಎಚ್’ ಇದ್ದರೆ 1366×768, ‘ಡಬ್ಲ್ಯೂಡಿ’ ಇದ್ದರೆ 1600×900, ‘ಡಬ್ಲ್ಯೂಎಫ್’ ಇದ್ದರೆ 1920×1080. ಎಯುಒ ಕಂಪನಿಯದು ‘ಬಿ140’ ಅಂತ ಶುರು. ಮುಂದೆ ‘ಎಕ್ಸ್‌ಟಿಎನ್’ ಇದ್ದರೆ 1366ರ ಟಿಎನ್, ‘ಆರ್‌ಟಿಎನ್’ ಇದ್ದರೆ 1600ರ ಟಿಎನ್, ‘ಎಚ್‌ಎಎನ್’ ಇದ್ದರೆ 1920ರ ಐಪಿಎಸ್ ಬಗೆಯದು. ಅಂಗಡಿಯವರು ಬಾಯಲ್ಲಿ ಏನೇ ಹೇಳಲಿ, ಚೀಟಿ ಓದಿ.

ನಾಲ್ಕನೇ ಅಂಗಡಿಯಲ್ಲಿ ಟಿ440ಎಸ್‌ನಿಂದ ಬಿಚ್ಚಿದ ಎಲ್‌ಜಿಯ ಎಲ್‌ಪಿ140ಡಬ್ಲ್ಯೂಎಫ್3 ಸಿಕ್ಕಿತು. 30 ಪಿನ್, ಕಿವಿಗಳಿದ್ದವು. 4,500 ಹೇಳಿದರು, 3,900ಕ್ಕೆ ಒಪ್ಪಿದರು. ಸ್ಕ್ರೂ ಹಾಕದೆ ಬರೀ ಕೇಬಲ್ ಸಿಕ್ಕಿಸಿ ಆನ್ ಮಾಡಿ ತೋರಿಸಿದರು. ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗಿನ ಮೂಲ ಸೆಟ್ಟಿಂಗ್) ಏನೂ ಬದಲಿಸಬೇಕಾಗಲಿಲ್ಲ. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದೆ. ಒಂದೊಂದನ್ನೂ ಪೂರ್ತಿ ಸ್ಕ್ರೀನ್‌ಗೆ ಹಾಕಿ ಸತ್ತ ಚುಕ್ಕೆ ಹುಡುಕಿದೆ. ಬಿಳಿಯಲ್ಲಿ ಎಡಮೂಲೆಗೆ ಬೆರಳಿನಷ್ಟು ಮಂಕು ಕಲೆ ಇದೆ, ಬೇರೇನೂ ಇಲ್ಲ.

ಅವತ್ತು ರಾತ್ರಿ ಮನೆಗೆ ಬಂದು ಅದೇ ಪುಸ್ತಕದ ಕರಡು ತೆರೆದೆ. ಇಂಚಿಗೆ 157 ಚುಕ್ಕೆ. ‘ಧ’ದ ಗೀಟು ಅಕ್ಷರದಿಂದ ಬಿಡಿಸಿಕೊಂಡು ನಿಂತಿತ್ತು. ‘ಲಕ್ಷ್ಮಿ’ಯ ಷ ಒತ್ತು ಬೇರೆ, ಮ ಒತ್ತು ಬೇರೆ ಕಾಣುತ್ತಿತ್ತು. ಎದ್ದು ನಿಂತು ನೋಡಿದೆ, ಪಕ್ಕಕ್ಕೆ ಹೋಗಿ ನೋಡಿದೆ, ಬಣ್ಣ ಹಾಗೇ ಇತ್ತು. ಇಷ್ಟು ವರ್ಷ ಯಾಕೆ ಕಣ್ಣಿಗೆ ಅಷ್ಟು ಕಷ್ಟ ಕೊಟ್ಟೆ ಅಂತ ಸಂಕಟವಾಯಿತು. ವಿಂಡೋಸ್‌ನಲ್ಲಿ ಅಳತೆ 125 ಪರ್ಸೆಂಟ್‌ಗೆ ಇಟ್ಟಿದ್ದೇನೆ, ಇಲ್ಲದಿದ್ದರೆ ಮೆನುಗಳ ಅಕ್ಷರ ಚಿಕ್ಕದಾಗುತ್ತದೆ. ಬ್ಯಾಟರಿ ಒಂದಿಷ್ಟು ಬೇಗ ಇಳಿಯುತ್ತದೆ. ನಾನು ಹೆಚ್ಚಾಗಿ ಚಾರ್ಜರ್ ಹಾಕಿಯೇ ಕೂರುವುದರಿಂದ ನನಗೆ ಅದು ಲೆಕ್ಕಕ್ಕಿಲ್ಲ.

ಇದನ್ನು ನೋಡಿ ನನ್ನ ತಮ್ಮನೂ ತನ್ನ ಲ್ಯಾಪ್‌ಟಾಪ್‌ಗೆ ಫುಲ್ ಎಚ್‌ಡಿ ಹಾಕಿಸಲು ಹೋದ. ಅವನದು ಬೇರೆ ಕಂಪನಿಯ ಕಡಿಮೆ ಬೆಲೆಯ ಮಾಡೆಲ್. 30 ಪಿನ್ನೇ ಇತ್ತು, ಕನೆಕ್ಟರ್ ಸರಿಯಾಗಿ ಕೂತಿತು, ಲೈಟ್ ಬಂತು, ಚಿತ್ರ ಬರಲಿಲ್ಲ. ಇಡಿಪಿಯಲ್ಲಿ ಚಿತ್ರದ ಮಾಹಿತಿ ಹೋಗುವ ದಾರಿಗಳನ್ನು ಲೇನ್ ಅನ್ನುತ್ತಾರೆ. 1366×768ಕ್ಕೆ ಒಂದು ಲೇನ್ ಸಾಕು. 1920×1080ಕ್ಕೆ ಸಾಮಾನ್ಯವಾಗಿ ಎರಡು ಬೇಕು. ಅವನ ಕೇಬಲ್‌ನಲ್ಲಿ ಖರ್ಚು ಉಳಿಸಲು ಒಂದೇ ಲೇನ್‌ನ ತಂತಿ ಇತ್ತು. ಕೇಬಲ್ ಬದಲಿಸಿದ ಮೇಲೆ ಸರಿಹೋಯಿತು. ಅದೇ ಮಾಡೆಲ್ ಫುಲ್ ಎಚ್‌ಡಿಯಲ್ಲೂ ಮಾರಾಟವಾಗಿದ್ದರಿಂದ ಆ ಕೇಬಲ್ ಸಿಕ್ಕಿತು. ನಿಮ್ಮ ಮಾಡೆಲ್ ಫುಲ್ ಎಚ್‌ಡಿಯಲ್ಲಿ ಬಂದೇ ಇಲ್ಲ ಅಂದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಹೊರಗಿನ ಮಾನಿಟರ್ ತಗೊಳ್ಳಿ ಅಂತ ಹಲವರು ಹೇಳಿದರು. ನನಗೆ ಮೇಜೇ ಇಲ್ಲ.

ಎಲ್ಲ ಸೇರಿ, ರೈಲು ಆಟೋ ಬಿಟ್ಟು, 8,600 ರೂಪಾಯಿ ಖರ್ಚಾಯಿತು. ಮೊದಲೇ ಗೊತ್ತಿದ್ದರೆ 3,900ಕ್ಕೆ ಮುಗಿಯುತ್ತಿತ್ತು. ಕೈಯಲ್ಲಿ ಎರಡು ಸಾವಿರ ಮಾತ್ರ ಇದ್ದು, ನೇರ ಕೂತು ಕೆಲಸ ಮಾಡುವವರಾದರೆ 1600×900 ಹುಡುಕಿ. ಓದುವುದೇ ಜೀವನ ಅನ್ನುವ ನನ್ನಂಥವರಾದರೆ ಇನ್ನೊಂದು ತಿಂಗಳು ಕಾದು ಐಪಿಎಸ್ ತಗೊಳ್ಳಿ. ನನ್ನ 1600×900 ಈಗ ಡಿಟಿಪಿ ಮಾಡುವ ಗೆಳತಿಯೊಬ್ಬಳ ಟಿ440ಪಿಯಲ್ಲಿದೆ. ಹೋದ ವಾರ ಅವಳು ಕಳಿಸಿದ ಪುಟಗಳಲ್ಲಿ ಮಹಾಪ್ರಾಣದ ತಪ್ಪು ಎರಡೇ ಸಿಕ್ಕವು.