ವೈನ್ ತೋಟ ನೋಡೋಕೆ ದೊಡ್ಡಬಳ್ಳಾಪುರವೋ, ಚನ್ನಪಟ್ಟಣವೋ?

ಬೆಂಗಳೂರಿನಿಂದ ಬೆಳಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದಾದ ವೈನರಿ (ವೈನ್ ತಯಾರಿಸುವ ಜಾಗ) ಅಂದರೆ ಸಾಮಾನ್ಯವಾಗಿ ಎರಡು ಹೆಸರು ಬರುತ್ತವೆ. ನಂದಿ ಬೆಟ್ಟದ ಕಡೆ ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಜಂಪಾ, ಮೈಸೂರು ಕಡೆ ಚನ್ನಪಟ್ಟಣದ ಹತ್ತಿರ ಡೊಮೇನ್ ಸುಲಾ. ಎರಡನ್ನೂ ನೋಡಿದ್ದೇನೆ. ಬಳ್ಳಿ ನೋಡಬೇಕು ಅನ್ನೋ ಆಸೆ ಇದ್ದರೆ ನನ್ನ ವೋಟು ದೊಡ್ಡಬಳ್ಳಾಪುರಕ್ಕೆ.

ಅಲ್ಲಿ ದಾರಿಯೇ ಅರ್ಧ ಪಾಠ. ದೇವನಹಳ್ಳಿ ದಾಟಿದ ಮೇಲೆ ರೈತರ ತೋಟಗಳಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರ ಕಾಣುತ್ತದೆ, ತಲೆ ಮೇಲೆ ಗೊಂಚಲು ತೂಗುತ್ತಿರುತ್ತದೆ. ವೈನರಿಯ ತೋಟದಲ್ಲಿ ಹಾಗಲ್ಲ, ತಂತಿಗೆ ಕಟ್ಟಿದ ಸಾಲುಗಳು, ಸೊಂಟದ ಮಟ್ಟದಲ್ಲಿ ಹಣ್ಣು. ಕೆಂಪು ವೈನಿಗೆ ಬಳಸುವ ಶಿರಾಜ್ ತಳಿಯ ಹಣ್ಣೊಂದನ್ನು ಬಾಯಿಗೆ ಹಾಕಿ ನೋಡಿ: ಕಡಲೆ ಕಾಳಿನಷ್ಟೇ ಗಾತ್ರ, ದಪ್ಪ ಸಿಪ್ಪೆ, ಬೀಜವೇ ಜಾಸ್ತಿ, ಆದರೆ ಮಾರ್ಕೆಟ್ ದ್ರಾಕ್ಷಿಗಿಂತ ಸಿಹಿ. ಕೆಂಪು ವೈನಿನ ಬಣ್ಣ ಬರೋದು ಆ ಸಿಪ್ಪೆಯಿಂದಲೇ, ಒಗರು ಸಿಪ್ಪೆ, ಬೀಜ ಎರಡರಿಂದಲೂ. ಈ ವೈನರಿ ಕಟ್ಟಿದ ಕಂವಲ್ ಗ್ರೋವರ್ 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ಇಲ್ಲಿಗೆ ತಂದರು, ಆಮೇಲೆ ಫ್ರಾನ್ಸ್‌ನ ವೈನ್ ಸೀಮೆ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಓಕ್ ಪೀಪಾಯಿಗಳ ಕೋಣೆಗೆ ಕಾಲಿಟ್ಟರೆ ಒದ್ದೆ ಮರ, ಹುಳಿ ಎರಡೂ ಸೇರಿದ ವಾಸನೆ. ಕೊನೆಗೆ ಕೊಡುವ ಲಾ ರಿಸರ್ವ್ ವೈನ್ ನನಗಂತೂ ಹಿಡಿಸಿತು.

ಚನ್ನಪಟ್ಟಣದ್ದು ಬೇರೆ ಲೆಕ್ಕ. ಸುಮ್ನೆ ಕೂತು, ನಾಲ್ಕು ಥರ ರುಚಿ ನೋಡಿ, ಒಂದು ಬಾಟಲಿ ತಗೊಂಡು ಮೈಸೂರಿಗೆ ಹೋಗುವವರಿಗೆ ಇದೇ ಸರಿ. ಇಲ್ಲಿ 'ಕಾಡು' ಅನ್ನೋ ವೈನ್ ಕೇಳಿ, ಅದರ ಹಣದಲ್ಲಿ ಒಂದು ಪಾಲು ಹುಲಿ ಸಂರಕ್ಷಣೆಗೆ ಹೋಗುತ್ತದೆ. ಆದರೆ 2023ರಲ್ಲಿ ಶುರುವಾದ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುತ್ತದೆ, ಹಳೇ ರಸ್ತೆ ಹಿಡಿಯಿರಿ. ಗೊಂಬೆ ಅಂಗಡಿಗಳು ಇರೋದೂ ಅಲ್ಲೇ ಅಲ್ವಾ?

ಇನ್ನು ಯಾವ ತಿಂಗಳಲ್ಲಿ ಹೋಗೋದು ಅನ್ನೋದು. ನಮ್ಮ ಕಡೆ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ, ಬೇಸಿಗೆಯಲ್ಲಿ ಸವರೋದು ಕೊಂಬೆ ಬೆಳೆಯಲಿ ಅಂತ, ಮಳೆಗಾಲ ಮುಗಿಯುವಾಗ ಸವರೋದು ಹಣ್ಣು ಬಿಡಲಿ ಅಂತ. ಹಾಗಾಗಿ ಜೂನ್‌ನಲ್ಲಿ ಹೋದರೆ ಬರೀ ಎಲೆ. ಫೆಬ್ರವರಿಯಲ್ಲಿ ಹೋಗಿ, ಮೊದಲೇ ಬುಕ್ ಮಾಡಿ, ಕುಡಿಯದ ಒಬ್ಬರ ಕೈಗೆ ಕಾರಿನ ಕೀ ಕೊಡಿ.