ವಿದೇಶಿ ಮರದ ನೆಲ ಹಾಕಿಸುವವರೇ, ಮೊದಲು ತೇವ ಅಳೆಸಿ

ಬೇರೆ ದೇಶದ ಗಟ್ಟಿ ಮರದಲ್ಲಿ ಮನೆಯ ನೆಲ ಮಾಡಿಸಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಹಾಕಿಸಿದ ನೆಲವನ್ನು ಎರಡು ವರ್ಷ ತುಂಬುವ ಮೊದಲೇ ಅರ್ಧಕ್ಕರ್ಧ ಕೀಳಿಸಬೇಕಾಯಿತು. ಮರ ಕೆಟ್ಟದ್ದಾಗಿರಲಿಲ್ಲ. ಆರಿಸಿದ ರೀತಿ ತಪ್ಪಾಗಿತ್ತು, ಹಾಕಿದ ರೀತಿ ಇನ್ನೂ ತಪ್ಪಾಗಿತ್ತು.

ನಾನು ತಂದದ್ದು ಬ್ರೆಜಿಲಿಯನ್ ಚೆರ್ರಿ. ಚೆರ್ರಿ ಮರವೇ ಇರಬೇಕು ಅಂದುಕೊಂಡಿದ್ದೆ. ಅದರ ನಿಜವಾದ ಹೆಸರು ಜಟೋಬಾ, ಹುಣಸೆಯ ಬಳಗದ ಮರ. ಹಾಗೆಯೇ ಬ್ರೆಜಿಲಿಯನ್ ಟೀಕ್ ಅಂತ ಮಾರುವುದು ತೇಗ ಅಲ್ಲ, ಕುಮಾರು. ಬ್ರೆಜಿಲಿಯನ್ ವಾಲ್ನಟ್ ಅಂದರೆ ಇಪೆ. ಬಿಲ್ಲಿನ ಮೇಲೆ ಮರದ ಸಸ್ಯಶಾಸ್ತ್ರದ ಹೆಸರನ್ನೇ ಬರೆಸಿಕೊಳ್ಳಿ.

ನನ್ನನ್ನು ಮರುಳು ಮಾಡಿದ್ದು ಗಟ್ಟಿತನದ ಅಂಕಿ. ಜಾಂಕಾ ಪರೀಕ್ಷೆಯಲ್ಲಿ ಕೆಂಪು ಓಕ್‌ಗೆ 1290, ಜಟೋಬಾಗೆ 2350 ಅಂತ ತೋರಿಸಿದರು. ಉಕ್ಕಿನ ಗುಂಡೊಂದನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಅನ್ನುವುದಷ್ಟೇ ಆ ಲೆಕ್ಕ. ಕುರ್ಚಿ ಎಳೆದರೆ ತಗ್ಗು ಬೀಳುತ್ತದಾ ಅಂತ ತಿಳಿಯಲು ಸಾಕು. ತೇವಕ್ಕೆ ಹಲಗೆ ಎಷ್ಟು ಹಿಗ್ಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ತೇಗವನ್ನೇ ನೋಡಿ, ಓಕ್‌ಗಿಂತ ಮೆತ್ತಗೆ, ಆದರೆ ಆಕಾರ ಬಿಡದೆ ನಿಲ್ಲುವುದರಲ್ಲಿ ಅದಕ್ಕೆ ದೊಡ್ಡ ಹೆಸರು.

ಹಲಗೆ ಬಂದ ಮರುದಿನವೇ ಕೆಲಸ ಶುರುವಾಯಿತು. ಕಾಂಕ್ರೀಟಿನ ಮೇಲೆ ಪ್ಲೈವುಡ್, ಅದರ ಮೇಲೆ ನಾಲ್ಕು ಇಂಚಿನ ಹಲಗೆ. "ಕೋಣೆಯ ಹವೆಗೆ ಹೊಂದಿಕೊಳ್ಳಲು ಹಲಗೆಯನ್ನು ಸ್ವಲ್ಪ ದಿನ ಬಿಡಬೇಕಲ್ವಾ?" ಅಂತ ಕೇಳಿದೆ. "ಇಷ್ಟು ಗಟ್ಟಿ ಮರಕ್ಕೆ ಏನೂ ಆಗಲ್ಲ ಸಾರ್" ಅಂದರು ಗುತ್ತಿಗೆದಾರರು. ಸುಮ್ಮನಾದೆ. ಯಾರೂ ತೇವ ಅಳೆಯುವ ಮೀಟರ್ ಇಟ್ಟು ನೋಡಲಿಲ್ಲ.

ಮೂರನೇ ತಿಂಗಳಲ್ಲಿ ಬರಿಗಾಲಲ್ಲಿ ನಡೆಯುವಾಗ ಬೆರಳಿಗೆ ಏನೋ ತಾಗತೊಡಗಿತು. ಕೂತು ಕೈಯಾಡಿಸಿದೆ. ಪ್ರತಿ ಹಲಗೆಯ ಎರಡೂ ಅಂಚು ಎದ್ದು, ನಡು ತಗ್ಗಾಗಿತ್ತು. ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಇಡೀ ಕೋಣೆ ಸಾಲು ಸಾಲು ಬದುವಿನ ಹಾಗೆ ಕಾಣುತ್ತಿತ್ತು. ಕಾಂಕ್ರೀಟಿನ ತೇವ ಪ್ಲೈವುಡ್ ದಾಟಿ ಮೇಲೇರಿತ್ತು. ಅಡಿ ಒದ್ದೆ, ಮೇಲೆ ಒಣ; ಅಡಿಭಾಗ ಹಿಗ್ಗಿದರೆ ಅಂಚು ಏಳಲೇಬೇಕು.

ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಖಂಡಿತ ಮಾಡಬೇಡಿ. ಅದೇ ಗುತ್ತಿಗೆದಾರರು ಬಂದು ಮಷಿನ್ ಹಾಕಿ ಉಜ್ಜಿ, ಹೊಸ ಪಾಲಿಶ್ ಕೊಟ್ಟರು. ಎರಡು ದಿನ ಕನ್ನಡಿಯಂಥ ನೆಲ ನೋಡಿ ನೆಮ್ಮದಿಯಾಗಿತ್ತು. ಆಮೇಲೆ ತೇವ ಆರಿತು, ಹಲಗೆಗಳು ಮೊದಲಿನ ಆಕಾರಕ್ಕೆ ಬಂದವು. ಆದರೆ ಅಂಚುಗಳನ್ನು ಆಗಲೇ ಉಜ್ಜಿ ಸವೆಸಿಬಿಟ್ಟಿದ್ದರಲ್ಲ, ಈಗ ನಡು ಉಬ್ಬಿ ಅಂಚು ತಗ್ಗಾಯಿತು. ಅದನ್ನು ಸರಿ ಮಾಡಲು ಮರವೇ ಉಳಿದಿರಲಿಲ್ಲ. ಅಂಚು ಎದ್ದ ನೆಲವನ್ನು ಮೊದಲು ಒಣಗಲು ಬಿಡಬೇಕು. ಎಷ್ಟೋ ಸಲ ಅದು ತಾನಾಗಿಯೇ ಬಹುಪಾಲು ಕೂರುತ್ತದೆ. ತಿಂಗಳುಗಟ್ಟಲೆ ಕಾಯಬೇಕಾದರೂ ಕಾಯಿರಿ.

ನೆಲ ಹಾಕುವ ಮೊದಲು ಕಾಂಕ್ರೀಟಿನ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಕನಿಷ್ಠ 16 ಗಂಟೆ ಬಿಡಿ. ಒಳಗೆ ಹನಿ ಕಂಡರೆ ಕೆಲಸ ನಿಲ್ಲಿಸಿ. ಹನಿ ಇಲ್ಲದಿದ್ದರೂ ಮೀಟರ್ ಇಡಿಸಲೇಬೇಕು. ಮೂರು ಇಂಚು ಮೇಲ್ಪಟ್ಟ ಹಲಗೆಗೂ ಅಡಿಯ ಪ್ಲೈವುಡ್‌ಗೂ ತೇವಾಂಶದ ವ್ಯತ್ಯಾಸ 2 ಶೇಕಡಾ ದಾಟಬಾರದು. ಗೋಡೆಯ ಪಕ್ಕ ಹಿಗ್ಗಲು ಜಾಗ ಬಿಟ್ಟಿದ್ದಾರಾ ಅಂತಲೂ ನೋಡಿ.

ಬಣ್ಣದ ಮಾತೂ ಒಂದಿದೆ. ಜಟೋಬಾ ಬೆಳಕಿಗೆ ಕಪ್ಪುಗೆಂಪಾಗುತ್ತಾ ಹೋಗುತ್ತದೆ. ಜಮಖಾನೆ ಎತ್ತಿದಾಗ ಅಡಿಯಲ್ಲಿ ತಿಳಿ ಬಣ್ಣದ ಚೌಕ ಹಾಗೇ ಉಳಿದಿತ್ತು. ಮೊದಲ ತಿಂಗಳುಗಳಲ್ಲಿ ಏನೂ ಹಾಸಬೇಡಿ.

ಕಾಗದಪತ್ರವನ್ನೂ ಕೇಳಿ. ಇಪೆ, ಕುಮಾರು ಎರಡೂ 2022ರ ಸೈಟಿಸ್ (ಅಳಿವಿನ ಅಪಾಯದ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಭೆಯಲ್ಲಿ ನಿಯಂತ್ರಿತ ವ್ಯಾಪಾರದ ಪಟ್ಟಿಗೆ ಸೇರಿವೆ, 2024ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಕದ್ದು ಕಡಿದ ಮರ ನಮ್ಮ ಕಾಲಡಿ ಬರುವುದು ಬೇಡ.

ಕಿತ್ತ ಜಾಗಕ್ಕೆ ಹೊಸ ಹಲಗೆ ಬಂದು ಮೂರು ವಾರವಾಯಿತು. ಕಟ್ಟು ಬಿಚ್ಚಿ, ಗಾಳಿಯಾಡಲು ನಡುವೆ ಪಟ್ಟಿ ಇಟ್ಟು, ಅದೇ ಕೋಣೆಯಲ್ಲಿ ಪೇರಿಸಿಟ್ಟಿದ್ದೇವೆ. ಮೀಟರಿನಲ್ಲಿ ಪ್ಲೈವುಡ್‌ನ ತೇವಾಂಶ 8 ಶೇಕಡಾ ತೋರಿಸುತ್ತಿದೆ, ಹಲಗೆಯದು ಇನ್ನೂ 11ರಲ್ಲೇ ಇದೆ. ಕಾಯುತ್ತಿದ್ದೇವೆ.