ಕರಾವಳಿಯಿಂದ ದಾವಣಗೆರೆಗೆ ಬಂದವರು ಈ ಖಾನಾವಳಿಗೆ ಹೋಗಿ

ಮಂಗಳೂರಿನಿಂದ ದಾವಣಗೆರೆಗೆ ವರ್ಗ ಆದಾಗ ತುಂಬಾ ಚಿಂತೆ ಆಗಿತ್ತು. ಕುಚ್ಚಲಕ್ಕಿ ಗಂಜಿ, ತಾಜಾ ಬಂಗುಡೆ, ಬೀದಿಯಲ್ಲಿ ಕೇಳಿಸುವ ತುಳು, ಇದೆಲ್ಲ ಬಿಟ್ಟು ಮಕ್ಕಳು ಹೊಂದಿಕೊಳ್ತಾರಾ ಅಂತ. ವಿದ್ಯಾನಗರದ ಈ ಪುಟ್ಟ ಖಾನಾವಳಿಯಿಂದ ಆ ಚಿಂತೆ ಅರ್ಧ ಇಳಿಯಿತು.

ಜೋಳದ ರೊಟ್ಟಿಯನ್ನು ಕಣ್ಣೆದುರೇ ತಟ್ಟುತ್ತಾರೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಲ್ಲಿ ನೀರು ಸವರಿ, ತಿರುವಿ ಬೆಂಕಿಗೆ ಹಿಡಿದರೆ ಪೂರ್ತಿ ಉಬ್ಬುತ್ತದೆ. ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಗಟ್ಟಿ ಮೊಸರು, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ. ತೆಂಗಿನಕಾಯಿ ಅರೆದ ಸಾರಿಗೆ ಒಗ್ಗಿದ ನಾಲಿಗೆಗೆ ಗುರೆಳ್ಳಿನ ಆ ಸಣ್ಣ ಕಹಿ ಹೊಸದು. ಈಗ ನನಗೆ ಅದೇ ಜಾಸ್ತಿ ಇಷ್ಟ.

ಬಡಿಸುವ ಅಕ್ಕ "ಇನ್ನೊಂದು ಹಾಕಿಸ್ಕೊಳ್ರಿ, ಬಿಸಿ ಐತಿ" ಅಂತ ಪಕ್ಕದಲ್ಲೇ ನಿಲ್ಲುತ್ತಾರೆ. ನನ್ನ ಮಗಳು "ಸಾಕು ಮಾರಾಯ್ರೆ" ಅಂದರೆ ಅವರಿಗೆ ಎಲ್ಲಿಲ್ಲದ ಖುಷಿ, ಮತ್ತೊಮ್ಮೆ ಹೇಳಿಸುತ್ತಾರೆ. ಹೊರಗಿನವರು ಅಂತ ದೂರ ಇಡ್ತಾರೇನೋ ಅನ್ನುವ ಹೆದರಿಕೆ ಇರುತ್ತಲ್ವಾ, ನಮಗೆ ಅದು ಹೋಗಿದ್ದು ಇಲ್ಲೇ.

ಖಾರ ಮಾತ್ರ ಜಾಸ್ತಿ, ಚಿಕ್ಕ ಮಕ್ಕಳಿದ್ದರೆ ಮೊದಲೇ ಹೇಳಿ. ಅನ್ನ ಬೆಳ್ತಿಗೆ ಅಕ್ಕಿಯದ್ದೇ. ಕುಚ್ಚಲಕ್ಕಿಯನ್ನು ನಾವು ಊರಿಂದಲೇ ತರುತ್ತೇವೆ. ಮಧ್ಯಾಹ್ನ ಎರಡರ ಮೇಲೆ ಹೋದರೆ ಎಣ್ಣೆಗಾಯಿ ಮುಗಿದಿರುತ್ತದೆ, ಬೇಗ ಹೋಗಿ.